14,000 ಕಿ.ಮೀ. ಸರಿ, ಮನೆ ಸೇರೋದು ಎಷ್ಟೊತ್ತಿಗೆ?

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ನಿಮ್ಮ ಫೋನನ್ನೇ ಕೇಳಿ ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ: ಹತ್ತಿರ ಹತ್ತಿರ 14,000 ಕಿಲೋಮೀಟರ್. ಅದರ ಕೆಳಗೇ ಇನ್ನೊಂದು ಸಾಲು ಇರುತ್ತದೆ: ಹಾರಾಟದ ಸಮಯ ಹದಿನಾರು ಗಂಟೆ ಚಿಲ್ಲರೆ. ಬಹಳ ಜನ ಇಷ್ಟು ನೋಡಿ ಫೋನ್ ಜೇಬಿಗೆ ಇಟ್ಟುಬಿಡುತ್ತಾರೆ.

ಆದರೆ ಈ ಪ್ರಶ್ನೆಯನ್ನು ನಿಜವಾಗಿ ಕೇಳೋರು ಯಾರು ಹೇಳಿ? ಸನ್ನಿವೇಲ್, ಫ್ರೀಮಾಂಟ್ ಕಡೆ ಕೆಲಸದಲ್ಲಿರುವ ಮಕ್ಕಳು. ಮೊದಲ ಸಲ ಮಗಳ ಬಾಣಂತನಕ್ಕೆ ಹೊರಟ ಅಮ್ಮ. ಆಫೀಸಿನ ಮೀಟಿಂಗ್ ಮಧ್ಯೆ ಅಣ್ಣನಿಂದ ಫೋನ್ ಬಂದು, "ಅಪ್ಪನ್ನ ಐಸಿಯುಗೆ ಸೇರಿಸಿದೀವಿ ಕಣೋ, ಗಾಬರಿ ಆಗ್ಬೇಡ" ಅಂತ ಕೇಳಿಸಿಕೊಂಡವರು. ನಮ್ಮಲ್ಲಿ ರಾತ್ರಿ ಎರಡು ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಮಧ್ಯಾಹ್ನ, ಊಟದ ಹೊತ್ತು. ಆ ಕ್ಷಣದಲ್ಲಿ ಕಿಲೋಮೀಟರ್ ಯಾರಿಗೂ ಬೇಡ. ಈಗ ಹೊರಟರೆ ಮನೆ ಬಾಗಿಲಿಗೆ ಎಷ್ಟೊತ್ತಿಗೆ ಬಂದು ನಿಲ್ತೀನಿ ಅನ್ನೋದೊಂದೇ ಬೇಕು. ಆ ಲೆಕ್ಕಕ್ಕೂ ಫೋನ್ ತೋರಿಸಿದ 14,000ಕ್ಕೂ ನಂಟು ನಾವಂದುಕೊಂಡಷ್ಟು ಗಟ್ಟಿಯಾಗಿಲ್ಲ. ಹೆಚ್ಚು ದೂರ ಹಾರಿದ ವಿಮಾನ ಬೇಗ ತಲುಪೋದು ಉಂಟು. ನೇರ ವಿಮಾನ ಹಿಡಿದವರು ತಡವಾಗಿ ಮನೆ ಸೇರೋದೂ ಉಂಟು.

ಮೋಸಂಬಿ ಮತ್ತು ದಾರ

ಮೊದಲು ಆ 14,000 ಎಲ್ಲಿಂದ ಬಂತು ನೋಡೋಣ. ಶಾಲೆಯ ಗೋಡೆಗೆ ತೂಗುಹಾಕಿದ್ದ ಭೂಪಟ ನಮ್ಮ ತಲೆಯಲ್ಲಿ ಹಾಗೇ ಕೂತುಬಿಟ್ಟಿದೆ. ಅದರಲ್ಲಿ ಅಮೆರಿಕ ಎಡಗಡೆ, ನಾವು ಬಲಗಡೆ. ಹಾಗಾಗಿ ವಿಮಾನ ಅರಬ್ಬಿ ಸಮುದ್ರ ದಾಟಿ, ಯುರೋಪಿನ ಮೇಲೆ ಹಾದು, ಅಟ್ಲಾಂಟಿಕ್ ದಾಟಿ ಹೋಗುತ್ತದೆ ಅಂತಲೇ ಅಂದುಕೊಳ್ಳುತ್ತೇವೆ.

ಒಂದು ಮೋಸಂಬಿ ತಗೊಳ್ಳಿ. ಪೆನ್ನಿನಲ್ಲಿ ಎರಡು ಚುಕ್ಕೆ ಇಡಿ. ಬೆಂಗಳೂರು ಇರುವುದು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ 122.4 ಡಿಗ್ರಿ ಪಶ್ಚಿಮದಲ್ಲಿ. ಎರಡನ್ನೂ ಕೂಡಿದರೆ 200. ಅಂದರೆ ಎರಡು ಊರುಗಳೂ ಹಣ್ಣಿನ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ, ಎರಡೂ ಮೇಲಿನ ಅರ್ಧದಲ್ಲಿ. ಈಗ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ದಾರ ಎಳೆದು ಬಿಗಿ ಮಾಡಿ. ದಾರ ಪೂರ್ವಕ್ಕೂ ಹೋಗಲ್ಲ, ಪಶ್ಚಿಮಕ್ಕೂ ಹೋಗಲ್ಲ. ಸೀದಾ ನೆತ್ತಿಯ ಕಡೆ ಹತ್ತಿ ಆ ಕಡೆ ಇಳಿಯುತ್ತದೆ.

ಆ ದಾರದ ಹಾದಿ ಹೀಗಿದೆ: ದೇವನಹಳ್ಳಿಯಿಂದ ಉತ್ತರಕ್ಕೆ, ತುಸು ಬಲಕ್ಕೆ ವಾಲಿಕೊಂಡು ಛತ್ತೀಸಗಢ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ. ಅಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲೆ ಇಳಿದು, ಪೆಸಿಫಿಕ್ ಅಂಚಿನಲ್ಲಿ ಕ್ಯಾಲಿಫೋರ್ನಿಯಾ. ಫೋನ್ ತೋರಿಸುವ 14,000 ಕಿ.ಮೀ. ಅಂದರೆ ಈ ದಾರದ ಉದ್ದ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಆಯ್ತು. ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತೆ ಅಂತ ಭಾಗಾಕಾರ ಮಾಡಿ, ಏರೋದಕ್ಕೆ ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿದರೆ ಹದಿನಾರು ಗಂಟೆ. ವೆಬ್‌ಸೈಟುಗಳು ಮಾಡೋದು ಬಹುತೇಕ ಇಷ್ಟೇ ಲೆಕ್ಕ, ನಾಲ್ಕನೇ ಕ್ಲಾಸಿನದು.

ತಮಾಷೆ ಏನಂದರೆ ಈ ದಾರದ ಮೇಲೇ ಹಾರುವ ವಿಮಾನವನ್ನು ಕಾಣೋದು ಕಷ್ಟ. ಟಿಬೆಟ್ ವಿಷಯವನ್ನೇ ತಗೊಳ್ಳಿ. ಹಾರುತ್ತಿರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಏಕಾಏಕಿ ಹೋದರೆ, ತಲೆಯ ಮೇಲಿಂದ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿ ಪ್ರಯಾಣಿಕರಿಗೆ ಆಮ್ಲಜನಕ ಸಿಗೋದು ಕೆಲವೇ ನಿಮಿಷ. ಅಷ್ಟರಲ್ಲಿ ಪೈಲಟ್ 10,000 ಅಡಿಯ ಆಸುಪಾಸಿಗೆ ವಿಮಾನ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್, ಅಂದರೆ ಹದಿನಾಲ್ಕು ಸಾವಿರ ಅಡಿ ಮೀರಿದೆ. ಇಳಿಯೋದೆಲ್ಲಿಗೆ? ಅದಕ್ಕೇ ವಿಮಾನಗಳು ಆ ಭಾಗವನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತವೆ. ಮೊದಲ ಸುತ್ತು ಅಲ್ಲೇ ಶುರುವಾಯ್ತು.

ದೂರ ಹೆಚ್ಚಾಯ್ತು, ಟೈಮ್ ಕಡಿಮೆಯಾಯ್ತು

2015ರ ಡಿಸೆಂಬರ್‌ನಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಶುರು ಮಾಡಿತು. ಮೊದಲಿಗೆ ಅದು ಯುರೋಪ್, ಅಟ್ಲಾಂಟಿಕ್ ಮೇಲೆ ಪಶ್ಚಿಮಕ್ಕೆ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ, ಪೂರ್ವಕ್ಕೆ ಪೆಸಿಫಿಕ್ ಮೇಲೆ ಕಳಿಸಿದರು. ಹೊಸ ದಾರಿ ಸುಮಾರು 1,400 ಕಿ.ಮೀ. ಹೆಚ್ಚು. ಒಟ್ಟು 15,000 ಕಿ.ಮೀ. ದಾಟಿತ್ತು. ಆದರೆ ವಿಮಾನ ತಲುಪಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಮುಂಚೆ!

ಕಾರಣ ಗಾಳಿ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಗಾಳಿಯ ಹೊಳೆಗಳು ಹರಿಯುತ್ತವೆ. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 200 ಕಿ.ಮೀ. ಮೀರೋದು ಮಾಮೂಲಿ. ಹೊಳೆಯ ಸೆಳವಿನ ಜೊತೆ ಈಜಿದವನಿಗೂ ಎದುರು ಈಜಿದವನಿಗೂ ಇರುವ ವ್ಯತ್ಯಾಸವೇ ಇಲ್ಲೂ. ಬೆನ್ನ ಗಾಳಿ ಗಂಟೆಗೆ ನೂರು ಕಿ.ಮೀ. ಸಿಕ್ಕರೆ 900 ವೇಗದ ವಿಮಾನ ನೆಲದ ಲೆಕ್ಕದಲ್ಲಿ ಸಾವಿರದ ವೇಗದಲ್ಲಿ ಹೋಗುತ್ತದೆ. ಎದುರು ಗಾಳಿಯಾದರೆ ಎಂಟುನೂರು. ಬರೀ 5,000 ಕಿ.ಮೀ. ಹೀಗೆ ಸಾಗಿದರೂ ಒಂದಕ್ಕೆ ಐದು ಗಂಟೆ, ಇನ್ನೊಂದಕ್ಕೆ ಆರೂಕಾಲು. 2024ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನಿಂದ ಲಂಡನ್‌ಗೆ ಹೊರಟ ವರ್ಜಿನ್ ಅಟ್ಲಾಂಟಿಕ್ ವಿಮಾನವೊಂದು ಇಂಥ ಗಾಳಿಗೆ ಸಿಕ್ಕು, ನೆಲದ ಲೆಕ್ಕದಲ್ಲಿ ಗಂಟೆಗೆ ಸುಮಾರು 1,290 ಕಿ.ಮೀ. ವೇಗ ಮುಟ್ಟಿತ್ತು. ಎಂಜಿನ್ ಅದೇ, ಪೈಲಟ್ ಹೆಚ್ಚೇನೂ ಒತ್ತಿರಲಿಲ್ಲ. ಗಾಳಿಯೇ ಹೊತ್ತುಕೊಂಡು ಹೋಗಿತ್ತು.

ಬೆಂಗಳೂರಿಗೆ ನೇರ ವಿಮಾನ ಬಂದದ್ದು 2021ರ ಜನವರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಆ ಮೊದಲ ವಿಮಾನದ ಕಾಕ್‌ಪಿಟ್‌ನಲ್ಲಿ ನಾಲ್ವರೂ ಹೆಣ್ಣುಮಕ್ಕಳೇ: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾದು ಅವರು ವಿಮಾನವನ್ನು ದೇವನಹಳ್ಳಿಗೆ ತಂದರು. ವೇಳಾಪಟ್ಟಿ ನೋಡಿದರೆ ಮಜಾ ಇದೆ. ಜನವರಿ 9, ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಡೋದು, ಜನವರಿ 11, ಸೋಮವಾರ ನಸುಕಿನ 3.45ಕ್ಕೆ ಇಲ್ಲಿ ಇಳಿಯೋದು. ನಡುವಿನ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಯ್ತು. (ಏಕಾದಶಿ ಉಪವಾಸ ಮಾಡುವ ಅಜ್ಜಿಯರು ಇಂಥ ವಿಮಾನದಲ್ಲಿ ಯಾವ ಊರಿನ ಪಂಚಾಂಗ ಹಿಡೀಬೇಕೋ, ಬಲ್ಲವರೇ ಹೇಳಬೇಕು.) ವಾಪಸ್ ಹೋಗುವ ವಿಮಾನದ್ದು ಇನ್ನೊಂದು ವಿಚಿತ್ರ. ಬೆಂಗಳೂರಿಂದ ಸೋಮವಾರ ಮಧ್ಯಾಹ್ನ ಎರಡೂವರೆಗೆ ಹೊರಟು, ಅದೇ ಸೋಮವಾರ ಸಂಜೆ ಅಲ್ಲಿ ಇಳಿಯುತ್ತಿತ್ತು.

ಗಡಿಯಾರ ತಿರುಗಿಸಿ ನಿಜವಾದ ಗಂಟೆ ಎಣಿಸಿದರೆ, ಬರುವಾಗ ಹದಿನೇಳು ಮುಕ್ಕಾಲು, ಹೋಗುವಾಗ ಸುಮಾರು ಹದಿನಾರು. ಅವೇ ಎರಡು ಏರ್‌ಪೋರ್ಟು, ಅದೇ ಜಾತಿಯ ವಿಮಾನ. ಊರಿಗೆ ಬರೋ ದಾರಿಯೇ ಉದ್ದ ಅನ್ನಿಸೋದು ಬರೀ ಮನಸ್ಸಿನ ಕಾತರ ಅಲ್ಲ, ವೇಳಾಪಟ್ಟಿಯಲ್ಲೂ ಹಾಗೇ ಇತ್ತು.

ಧ್ರುವದ ದಾರಿ ಅಂದರೆ ಫೋಟೋದಲ್ಲಿ ಕಾಣುವಷ್ಟು ಸಲೀಸಲ್ಲ. ಹೊರಗೆ ಮೈನಸ್ 60 ಡಿಗ್ರಿವರೆಗೂ ಚಳಿ ಇರಬಹುದು. ವಿಮಾನದ ಇಂಧನಕ್ಕೂ ಹೆಪ್ಪುಗಟ್ಟುವ ಮಿತಿ ಇದೆ: ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನಕ್ಕೆ ಮೈನಸ್ 40, ನಮ್ಮ ಕಡೆ ಸಿಗುವ ಜೆಟ್ ಎ-1ಕ್ಕೆ ಮೈನಸ್ 47. ಟ್ಯಾಂಕಿನ ತಾಪಮಾನ ಆ ಮಿತಿಯ ಹತ್ತಿರ ಬಂದರೆ ಪೈಲಟ್ ಒಂದೋ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಹೋಗಬೇಕು, ಇಲ್ಲಾ ವೇಗ ಹೆಚ್ಚಿಸಬೇಕು. ಕಾಂತೀಯ ದಿಕ್ಸೂಚಿ ಅಲ್ಲಿ ನಂಬೋ ಹಾಗಿಲ್ಲ. ಭೂಮಧ್ಯರೇಖೆಯ ಮೇಲಿರುವ ಸಂಪರ್ಕ ಉಪಗ್ರಹಗಳ ಸಿಗ್ನಲ್ಲೂ ಅಷ್ಟು ಉತ್ತರಕ್ಕೆ ಸರಿಯಾಗಿ ಮುಟ್ಟಲ್ಲ, ಹಳೇ ಕಾಲದ ಹೈ ಫ್ರೀಕ್ವೆನ್ಸಿ ರೇಡಿಯೋನೇ ಗತಿ.

ಆಕಾಶಕ್ಕೂ ಬೇಲಿ

ಗಾಳಿಯಾದರೂ ಋತುಮಾನ ನೋಡಿ ಬೀಸುತ್ತದೆ. ರಾಜಕೀಯ ಹಾಗಲ್ಲ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ಅಮೆರಿಕ, ಯುರೋಪಿನ ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಹೋಗುತ್ತಿದ್ದ ಫಿನ್ ಏರ್ ವಿಮಾನಕ್ಕೆ ಈಗ ಸುಮಾರು ಹದಿಮೂರು ಗಂಟೆ ಬೇಕು. ಹೆಲ್ಸಿಂಕಿ, ಟೋಕಿಯೋ ಎರಡೂ ಇದ್ದಲ್ಲೇ ಇವೆ, ಒಂದು ಇಂಚೂ ಜರುಗಿಲ್ಲ. ಆದರೂ ಮೂರೂವರೆ ಗಂಟೆ ದೂರ ಆಗಿಹೋದವು.

ನಮಗೂ ಇದರ ಬಿಸಿ ತಟ್ಟಿದೆ. ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ನೇರ ವಿಮಾನ ಬಿಡ್ತೀವಿ ಅಂತ 2020ರಲ್ಲೇ ಹೇಳಿತ್ತು. ಅಮೆರಿಕನ್ ಏರ್‌ಲೈನ್ಸ್ ಅದೇ ವರ್ಷ ಸಿಯಾಟಲ್-ಬೆಂಗಳೂರು ಅಂತ ಘೋಷಿಸಿತ್ತು. ಕೊರೋನಾದಿಂದ ಎರಡೂ ಮುಂದಕ್ಕೆ ಹೋದವು, ಕೊನೆಗೂ ಹಾರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ದೆಹಲಿಗೆ ಹಾರುತ್ತಿದ್ದ ತನ್ನ ವಿಮಾನವನ್ನೂ ಯುನೈಟೆಡ್ 2022ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಮೇಲಿನ ಮೋಸಂಬಿ ನೆನಪಿಸಿಕೊಳ್ಳಿ, ಹಣ್ಣಿನ ನೆತ್ತಿಯ ದೊಡ್ಡ ಭಾಗ ರಷ್ಯಾದ್ದೇ. ಅದನ್ನು ಬಿಟ್ಟು ಸುತ್ತಬೇಕು ಅಂದರೆ ಲೆಕ್ಕ ಕೂಡೋದು ಕಷ್ಟ. ಭಾರತದ ವಿಮಾನಗಳಿಗೆ ಆ ದಾರಿ ತೆರೆದೇ ಇತ್ತು. ಆದರೆ 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿತು. ದೆಹಲಿಯಿಂದ ಅಮೆರಿಕ, ಕೆನಡಾಗೆ ಹೋಗುವ ಏರ್ ಇಂಡಿಯಾ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತು ಹಾಕುವಂತಾಯಿತು. ಕೆಲವು ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಳಿದು ಇಂಧನ ತುಂಬಿಸಿಕೊಂಡವು.

ಅಂದರೆ ಎರಡು ಊರುಗಳ ನಡುವಿನ ದೂರ ನೀವು ಯಾವ ದೇಶದ ವಿಮಾನ ಹತ್ತಿದ್ದೀರಿ ಅನ್ನೋದರ ಮೇಲೂ ನಿಂತಿದೆ. ನಾವು ಪಾಸ್‌ಪೋರ್ಟ್ ಇರೋದು ಮನುಷ್ಯರಿಗೆ ಮಾತ್ರ ಅಂದುಕೊಂಡಿರ್ತೀವಿ.

ಇಷ್ಟು ಉದ್ದದ ದಾರಿಯಲ್ಲಿ ಕೆಳಗೆ ಯಾವ ಊರಿದೆ ಅನ್ನೋದೂ ಮುಖ್ಯವಾಗುತ್ತದೆ. ಎರಡು ಎಂಜಿನ್‌ನ ವಿಮಾನ, ಒಂದು ಎಂಜಿನ್ ಕೈಕೊಟ್ಟರೆ ಇಂತಿಷ್ಟು ಹೊತ್ತಿನೊಳಗೆ ಇಳಿಯಬಹುದಾದ ನಿಲ್ದಾಣದ ಅಳತೆಯಲ್ಲೇ ಹಾರಬೇಕು ಅಂತ ನಿಯಮ. ನಕ್ಷೆಯಲ್ಲಿ ಆ ನಿಲ್ದಾಣ ಬರೀ ಚುಕ್ಕೆ. 2023ರ ಜೂನ್ 6ರಂದು ಅಂಥ ಒಂದು ಚುಕ್ಕೆ ನಿಜವಾದ ಊರಾಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾದ ಬೋಯಿಂಗ್ 777, ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನರಿಗೆ ಆಗುವಷ್ಟು ಹೋಟೆಲ್ ಆ ಊರಲ್ಲಿ ಇರಲಿಲ್ಲ, ಅನೇಕರು ಹಾಸ್ಟೆಲ್, ಶಾಲೆಗಳಲ್ಲಿ ನೆಲದ ಮೇಲಿನ ಹಾಸಿಗೆಯಲ್ಲಿ ಮಲಗಿದರು. ಮುಂಬೈಯಿಂದ ಬದಲಿ ವಿಮಾನ ಹೋಗಿ ಕರೆದೊಯ್ಯುವಷ್ಟರಲ್ಲಿ ಹದಿನಾರು ಗಂಟೆಯ ಪ್ರಯಾಣ ದಿನಗಟ್ಟಲೆ ಆಗಿತ್ತು. ಇಂಥದ್ದು ಅಪರೂಪ, ಹೆದರಬೇಕಿಲ್ಲ. ನಿಲ್ದಾಣ ಸಿಕ್ಕಿತಲ್ಲ, ನಿಯಮ ಇರೋದೇ ಅದಕ್ಕೆ. ಆದರೆ ಕೈಚೀಲದಲ್ಲಿ ಎರಡು ಮೂರು ದಿನದ ಮಾತ್ರೆ, ಒಂದು ಸ್ವೆಟರ್ ಇಟ್ಟುಕೊಳ್ಳಿ ಅಂತ ಹಿರಿಯರು ಹೇಳಿದರೆ ನಗಬೇಡಿ.

ಒಂದು ಸ್ಟಾಪ್‌ನ ಗಣಿತ

ನೇರ ವಿಮಾನಕ್ಕೆ ಇಂಧನವೇ ದೊಡ್ಡ ಲಗೇಜು. ಮೊದಲ ವಿಮಾನವಾಗಿ ಬಂದ ಬೋಯಿಂಗ್ 777-200ಎಲ್ಆರ್ ಟ್ಯಾಂಕಿನಲ್ಲಿ 1,80,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತದೆ, ತೂಕದಲ್ಲಿ 140 ಟನ್ ಮೀರುತ್ತದೆ. ಸೀಟುಗಳು 238. ಪ್ರಯಾಣಿಕ, ಸೂಟ್‌ಕೇಸ್, ಅದರೊಳಗಿನ ಚಟ್ನಿಪುಡಿ ಎಲ್ಲ ಸೇರಿ ತಲೆಗೆ ನೂರು ಕಿಲೋ ಅಂತ ಹಿಡಿದರೂ 24 ಟನ್ ಆಗುವುದಿಲ್ಲ. ಅಂದರೆ ಟ್ಯಾಂಕ್ ತುಂಬಿದ ವಿಮಾನ ನಮ್ಮನ್ನು ಹೊರೋದಕ್ಕಿಂತ ಆರು ಪಟ್ಟು ಇಂಧನ ಹೊರುತ್ತದೆ, ಆ ಇಂಧನದಲ್ಲೇ ಒಂದು ಪಾಲು ಇಂಧನವನ್ನು ಹೊರೋದಕ್ಕೇ ಉರಿದುಹೋಗುತ್ತದೆ. ಸಾಲದ್ದಕ್ಕೆ ದೇವನಹಳ್ಳಿ ಸಮುದ್ರಮಟ್ಟಕ್ಕಿಂತ 915 ಮೀಟರ್ ಎತ್ತರದಲ್ಲಿದೆ. ಎತ್ತರ, ಬಿಸಿಲು ಎರಡೂ ಸೇರಿದರೆ ಗಾಳಿ ತೆಳುವಾಗಿ, ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ. ಇಂಥ ಮಾರ್ಗಗಳು ಶುರುವಾಗೋದು, ನಿಲ್ಲೋದು, ವಾರಕ್ಕೆ ಕೆಲವೇ ದಿನ ಇರೋದು ಇದೇ ಕಾರಣಕ್ಕೆ.

ಈಗ ಸ್ಟಾಪ್ ಇರುವ ದಾರಿ ನೋಡಿ. ದುಬೈ ಮೂಲಕ ಹೋದರೆ ಬೆಂಗಳೂರು-ದುಬೈ ಸುಮಾರು 2,700 ಕಿ.ಮೀ., ದುಬೈ-ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000. ಒಟ್ಟು 15,700. ಲಂಡನ್ ಮೂಲಕ ಸುಮಾರು 16,600. ಸಿಂಗಪುರದ ಮೂಲಕವೂ ಹೆಚ್ಚುಕಡಿಮೆ ಅಷ್ಟೇ. ನಕ್ಷೆಯಲ್ಲಿ ಮೂರೂ ಬೇರೆ ಬೇರೆ ದಿಕ್ಕು, ಅಳತೆಯಲ್ಲಿ ಮಾತ್ರ ಅಂಥಾ ವ್ಯತ್ಯಾಸವಿಲ್ಲ. ನೇರ ದಾರಿಗಿಂತ ಎರಡು ಎರಡೂವರೆ ಸಾವಿರ ಕಿ.ಮೀ. ಹೆಚ್ಚಾದರೂ ಅದು ಆಕಾಶದಲ್ಲಿ ಎರಡು ಮೂರು ಗಂಟೆಯ ಮಾತು. ಮತ್ತೆ ಟಿಕೆಟ್ ಆ್ಯಪ್‌ನಲ್ಲಿ ಕೆಲವು ಪ್ರಯಾಣಕ್ಕೆ 22 ಗಂಟೆ, ಕೆಲವಕ್ಕೆ 38 ಗಂಟೆ ಅಂತ ಯಾಕಿರುತ್ತೆ? ವ್ಯತ್ಯಾಸ ಪೂರ್ತಿ ನೆಲದ ಮೇಲಿನದು. ಲೇಓವರ್, ಅಂದರೆ ನಡುವಿನ ಏರ್‌ಪೋರ್ಟಿನ ಕುರ್ಚಿ.

ಹಾಗಾಗಿ ಟಿಕೆಟ್ ಹುಡುಕುವಾಗ ಯಾವ ಊರಿನ ಮೇಲೆ ಹೋಗುತ್ತೆ ಅಂತ ತಲೆ ಕೆಡಿಸಿಕೊಳ್ಳೋದಕ್ಕಿಂತ ಅಲ್ಲಿ ಎಷ್ಟು ಹೊತ್ತು ಕೂರಿಸುತ್ತೆ ನೋಡಿ. ಎರಡರಿಂದ ನಾಲ್ಕು ಗಂಟೆ ನನ್ನ ಪ್ರಕಾರ ಹದ. ಒಂದು ಗಂಟೆ ಹತ್ತು ನಿಮಿಷ ಅಂತ ತೋರಿಸೋ ಸಂಪರ್ಕ ನೋಡಕ್ಕೆ ಚೆನ್ನ, ಮಂಡಿನೋವಿರುವ ಅಮ್ಮನ ಜೊತೆ ಟರ್ಮಿನಲ್ ಬದಲಿಸಬೇಕಾದಾಗ ಗೊತ್ತಾಗುತ್ತೆ. ದುಡ್ಡು ಉಳಿಸೋಕೆ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡು ನೀವೇ ಜೋಡಿಸಿಕೊಂಡರೆ, ಮೊದಲ ವಿಮಾನ ತಡವಾದಾಗ ಎರಡನೆಯದರವರು ಕಾಯುವ ಹೊಣೆ ಹೊರಲ್ಲ. ತುರ್ತಿನಲ್ಲಂತೂ ಆ ಸಾಹಸ ಬೇಡವೇ ಬೇಡ.

ತುರ್ತು ಅಂದಾಗ ಲೆಕ್ಕ ಇನ್ನೂ ಬದಲಾಗುತ್ತದೆ. ಮಂಗಳವಾರ ಮಧ್ಯಾಹ್ನ ಅಲ್ಲಿಗೆ ಫೋನ್ ಬಂತು ಅಂತಿಟ್ಟುಕೊಳ್ಳಿ. ನೇರ ವಿಮಾನ ಗುರುವಾರ ರಾತ್ರಿ ಎಂಟೂವರೆಗೆ. ಹದಿನೇಳು ಮುಕ್ಕಾಲು ಗಂಟೆ ಹಾರಿ ಬೆಂಗಳೂರಿಗೆ ಬರೋದು ನಮ್ಮ ಶನಿವಾರ ನಸುಕಿಗೆ. ಒಂದು ಸ್ಟಾಪ್ ಇರುವ ವಿಮಾನ ಮಂಗಳವಾರ ರಾತ್ರಿ ಹತ್ತಕ್ಕೇ ಇದೆ, ಒಟ್ಟು 24 ಗಂಟೆ. ಅದರಲ್ಲಿ ಹತ್ತಿದವರು ನಮ್ಮ ಗುರುವಾರ ಬೆಳಗ್ಗೆ ಹನ್ನೊಂದೂವರೆಗೆ ಇಲ್ಲಿರುತ್ತಾರೆ. ಆರು ಗಂಟೆ ನಿಧಾನದ ಪ್ರಯಾಣ ನಲವತ್ತು ಗಂಟೆ ಮುಂಚೆ ತಂದು ಮುಟ್ಟಿಸಿತು. ಗಾಬರಿಯಲ್ಲಿರುವಾಗ ನಾವು ಆ್ಯಪ್‌ನಲ್ಲಿ "ಕಡಿಮೆ ಅವಧಿ" ಅನ್ನೋದನ್ನೇ ಒತ್ತುತ್ತೇವೆ. ಆಗ ನೋಡಬೇಕಾದ್ದು ತಲುಪುವ ಸಮಯ. ಅವಧಿಯ ಅಂಕಣ ರಜೆಗೆ ಬರುವವರಿಗೆ ಇರಲಿ.

ಇನ್ನೊಂದು ವಿಷಯ ಕಾಗದಪತ್ರದ್ದು. ಅಮೆರಿಕದಲ್ಲಿ ಕೆಲಸ ಮಾಡುವ ಬಹಳ ಜನರ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪಿನ ಅವಧಿ ಮುಗಿದಿರುತ್ತದೆ. ಅಲ್ಲಿರಲು ತೊಂದರೆ ಇಲ್ಲ, ಹೊರಗೆ ಬಂದರೆ ವಾಪಸಾಗಲು ಹೊಸ ಸ್ಟಾಂಪ್ ಬೇಕು. ಕೆಲವು ದೇಶಗಳ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸೋದಕ್ಕೂ ಚಾಲ್ತಿಯಲ್ಲಿರುವ ವೀಸಾ ಕೇಳುತ್ತಾರೆ. ಅಲ್ಲೇ ಹುಟ್ಟಿದ ಮಗುವಿಗೆ ಭಾರತಕ್ಕೆ ಬರಲು ಒಸಿಐ ಕಾರ್ಡೋ ವೀಸಾನೋ ಬೇಕೇಬೇಕು. ಮೊಮ್ಮಗನ ಮುಖ ನೋಡಬೇಕು ಅಂತ ತಾತ ಕೇಳುತ್ತಿರುವಾಗ ಮಗುವಿನ ವೀಸಾಗೆ ದಿನಗಟ್ಟಲೆ ಕಾಯೋದಿದೆಯಲ್ಲ, ಅದಕ್ಕಿಂತ ಉದ್ದದ ದಾರಿ ಯಾವ ನಕ್ಷೆಯಲ್ಲೂ ಇಲ್ಲ. ಮಗು ಹುಟ್ಟಿದ ವರ್ಷವೇ ಇದನ್ನು ಮಾಡಿಸಿಡಿ.

ಕೊನೆಯ ಮುನ್ನೂರು ಕಿಲೋಮೀಟರ್

ಸನ್ನಿವೇಲ್‌ನ ಮನೆಯಿಂದ ಶಿವಮೊಗ್ಗದ ಮನೆಗೆ ಒಂದು ಲೆಕ್ಕ ಹಾಕೋಣ. ಮನೆಯಿಂದ ಏರ್‌ಪೋರ್ಟಿಗೆ ಒಂದು ಗಂಟೆ. ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ನೇರ ವಿಮಾನ ಹದಿನೇಳು ಮುಕ್ಕಾಲು. ದೇವನಹಳ್ಳಿಯಲ್ಲಿ ಇಮಿಗ್ರೇಶನ್, ಬೆಲ್ಟ್ ಮೇಲೆ ಬಾರದ ಸೂಟ್‌ಕೇಸು, ಎಲ್ಲ ಸೇರಿ ಒಂದೂವರೆ. ಅಲ್ಲಿಂದ ತುಮಕೂರು, ಅರಸೀಕೆರೆ, ಭದ್ರಾವತಿ ದಾಟಿ ಸುಮಾರು 300 ಕಿ.ಮೀ., ನಡುವೆ ಒಂದು ಕಾಫಿ, ಆರು ಗಂಟೆ. ಒಟ್ಟು ಇಪ್ಪತ್ತೊಂಬತ್ತು ಗಂಟೆ ದಾಟಿತು. ದೂರದ ಲೆಕ್ಕದಲ್ಲಿ ಕೊನೆಯ ಆ ಕಾರಿನ ಹಾದಿ ನೂರಕ್ಕೆ ಎರಡು ಪಾಲು. ಸಮಯದ ಲೆಕ್ಕದಲ್ಲಿ ಐದನೇ ಒಂದು ಪಾಲು.

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನವೂ ಶುರುವಾಯಿತು. ಸಮಯ ಹೊಂದಿದರೆ ಅನುಕೂಲವೇ. ಆದರೆ ನಸುಕಿನಲ್ಲಿ ಇಳಿದವರು ಮುಂದಿನ ಸಣ್ಣ ವಿಮಾನಕ್ಕೆ ಕಾಯುವ ಹೊತ್ತಿಗೆ ಕಾರು ಅರ್ಧ ದಾರಿ ಮುಟ್ಟಿರುತ್ತದೆ, ಟೈಮ್ ನೋಡಿ ತೀರ್ಮಾನ ಮಾಡಿ. ಹಗಲು ರಾತ್ರಿ ಎರಡೂ ನಿದ್ದೆಗೆಟ್ಟು ಬಂದವರು ತಾವೇ ಸ್ಟಿಯರಿಂಗ್ ಹಿಡಿಯೋದು ಮಾತ್ರ ಬೇಡ. ಹನ್ನೆರಡೂವರೆ, ಹದಿಮೂರೂವರೆ ಗಂಟೆಯ ವ್ಯತ್ಯಾಸ ಅಂದರೆ ದೇಹಕ್ಕೆ ಹಗಲು ರಾತ್ರಿ ಪೂರ್ತಿ ಅದಲುಬದಲು. ದೇಹದ ಗಡಿಯಾರ ಸರಿಹೋಗೋದು ದಿನಕ್ಕೆ ಸುಮಾರು ಒಂದು ಗಂಟೆಯಂತೆ. ಎರಡು ವಾರದ ರಜೆಗೆ ಬಂದವರು ಇಲ್ಲಿನ ಟೈಮಿಗೆ ಒಗ್ಗಿದಾಗ ವಾಪಸ್ ಟಿಕೆಟ್ ಹತ್ತಿರ ಬಂದಿರುತ್ತದೆ.

ಅಮ್ಮ ಅಪ್ಪ ಅಲ್ಲಿಗೆ ಹೊರಟಿದ್ದರೆ ನನ್ನ ಮತ ನೇರ ವಿಮಾನಕ್ಕೇ, ಇದ್ದರೆ. ಹದಿನಾರು ಗಂಟೆ ಕೂರೋದು ಕಷ್ಟ ನಿಜ. ಆದರೆ ಇಂಗ್ಲಿಷ್ ಅಷ್ಟಾಗಿ ಬಾರದ ತಾಯಿಗೆ ಅಪರಿಚಿತ ಊರಿನ ಏರ್‌ಪೋರ್ಟಿನಲ್ಲಿ ಗೇಟ್ ಹುಡುಕೋದು ಅದಕ್ಕಿಂತ ಕಷ್ಟ. ಸ್ಟಾಪ್ ಇರುವುದೇ ಸಿಕ್ಕಿದರೆ ಟಿಕೆಟ್ ತಗೊಳ್ಳುವಾಗಲೇ ವೀಲ್‌ಚೇರ್ ಸಹಾಯ ಕೇಳಿಡಿ. ನಡೆಯೋಕೆ ಆಗುತ್ತೆ, ನನಗ್ಯಾಕೆ ವೀಲ್‌ಚೇರು ಅಂತ ಅಪ್ಪ ಮುನಿಸಿಕೊಳ್ಳಬಹುದು. ಅದು ಕಾಲಿಗಲ್ಲ, ದಾರಿ ತೋರಿಸೋರು ಜೊತೆಗಿರಲಿ ಅಂತ ತಿಳಿಸಿ ಹೇಳಿ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಲಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉದ್ದನೆಯ ಪ್ರಯಾಣದಲ್ಲಿ ಇದ್ದೇ ಇದೆ. ಬಿ.ಪಿ., ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ಬೆಳಗ್ಗೆ ರಾತ್ರಿ ಅಂತ ಬರೆದಿರುವ ಮಾತ್ರೆಯನ್ನು ಭಾನುವಾರವೇ ಇಲ್ಲದ ಪ್ರಯಾಣದಲ್ಲಿ ಎಷ್ಟು ಗಂಟೆಗೊಮ್ಮೆ ತಗೋಬೇಕು ಅಂತ ಹೊರಡುವ ಮುಂಚೆ ಡಾಕ್ಟರನ್ನೇ ಕೇಳಿ. ಇನ್ಸುಲಿನ್ ತಗೊಳ್ಳುವವರಂತೂ ಕೇಳದೇ ಹೊರಡಬೇಡಿ.

ಊರಲ್ಲಿ ಇದ್ದು ಕಾಯುವವರಿಗೂ ಒಂದು ಮಾತಿದೆ. "ಎಷ್ಟೊತ್ತಿಗೆ ಬರ್ತಾನೆ?" ಅಂತ ಮನೆ ತುಂಬ ಜನ ಕೇಳುತ್ತಿರುತ್ತಾರೆ. ಆಸ್ಪತ್ರೆಯಲ್ಲಿ ನಿರ್ಧಾರ ಬಾಕಿ ಇರುತ್ತದೆ. ಕೆಲವೊಮ್ಮೆ ಅದಕ್ಕೂ ಮೀರಿದ್ದು, ಬಾಡಿಗೆಗೆ ತಂದ ಫ್ರೀಜರ್ ಬಾಕ್ಸ್ ನಡುಮನೆಯಲ್ಲಿ ಗುಂಯ್ ಅನ್ನುತ್ತಿರುತ್ತದೆ, ಪುರೋಹಿತರು ಹೊತ್ತು ಕೇಳುತ್ತಿರುತ್ತಾರೆ. ಆಗ ಯಾರೋ ಒಬ್ಬರು ವಿಮಾನ ಇಳಿಯೋ ಟೈಮನ್ನೇ ಮನೆಗೆ ಬರೋ ಟೈಮ್ ಅಂತ ಹೇಳಿಬಿಡುತ್ತಾರೆ. ನೆಂಟರೆಲ್ಲ ಆ ಹೊತ್ತಿಗೆ ಸೇರಿ, ಆಮೇಲೆ ಏಳೆಂಟು ಗಂಟೆ ಕಾಯುವಂತಾಗುತ್ತದೆ. ಹೊರಟವರೇ ಬೋರ್ಡಿಂಗ್ ಗೇಟಿನಿಂದ ಮನೆ ಬಾಗಿಲಿನ ಸಮಯ ಬರೆದು ಅಣ್ಣನಿಗೋ ಅಕ್ಕನಿಗೋ, ಒಬ್ಬರಿಗೇ ಕಳಿಸಿದರೆ ಒಳ್ಳೆಯದು. ಫ್ಯಾಮಿಲಿ ಗ್ರೂಪಿಗೆ ಅವರು ಹೇಳಲಿ.

ಈಗ ಎಲ್ಲರ ಫೋನಿನಲ್ಲೂ ವಿಮಾನ ಎಲ್ಲಿದೆ ಅಂತ ತೋರಿಸುವ ಆ್ಯಪ್ ಇದೆ. ಚಿಕ್ಕಮ್ಮ, ಮಾವ, ಪಕ್ಕದ ಮನೆಯವರು ಎಲ್ಲ ಸೇರಿ ಆ ಪುಟ್ಟ ಹಳದಿ ವಿಮಾನವನ್ನೇ ನೋಡುತ್ತಾ ಕೂತಿರುತ್ತಾರೆ. ಸಾಗರದ ನಡುವೆ, ಧ್ರುವದ ಹತ್ತಿರ ಸಿಗ್ನಲ್ ಹಿಡಿಯುವ ಕೇಂದ್ರಗಳು ಇಲ್ಲದ ಕಡೆ ಅದು ಇದ್ದಕ್ಕಿದ್ದಂತೆ ನಿಂತುಬಿಡಬಹುದು, ಇಲ್ಲವೇ ಮಾಯವಾಗಬಹುದು. ಮೊದಲೇ ಇದನ್ನು ಹೇಳಿಟ್ಟಿರಿ, ಇಲ್ಲದಿದ್ದರೆ ರಾತ್ರಿ ಯಾರಿಗೂ ನಿದ್ದೆ ಇರಲ್ಲ. ಕೆಲವು ಗಂಟೆ ಬಿಟ್ಟು ಇನ್ನೊಂದು ಕಡೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಾರು ಕಳಿಸುವವರು ಆ್ಯಪ್ ತೋರಿಸುವ ಇಳಿಯುವ ಸಮಯಕ್ಕೆ ಒಂದೂವರೆ ಗಂಟೆ ಸೇರಿಸಿ ಡ್ರೈವರ್‌ಗೆ ಹೇಳಿ, ಜೊತೆಗೊಂದು ಫ್ಲಾಸ್ಕ್ ಕಾಫಿ ಕೊಟ್ಟು ಕಳಿಸಿ.